ಅಕ್ಕ ತಿನ್ನದ ಬಿಸಿ ಹೋಳಿಗೆ

ಯುಗಾದಿಯ ಮಧ್ಯಾಹ್ನ. ಗದಗಿನ ನಿವೃತ್ತ ಹೆಡ್‌ಮಾಸ್ತರ್ ಚನ್ನವೀರಪ್ಪನವರ ಮನೆಯಲ್ಲಿ ಊಟಕ್ಕಿಂತ ಮೊದಲು ಜಗಳ ಬಡಿಸಿಯಾಗಿತ್ತು...

ಕಾರಣ? ಒಂದು ಹೊಸ ಡೈನಿಂಗ್ ಟೇಬಲ್, ಅದರ ಮೇಲೊಂದು ಹಾಟ್‌ಬಾಕ್ಸ್.

ಹೋದ ವರ್ಷ ಮದುವೆಯಾಗಿ ಬಂದ ಸೊಸೆ ಪವಿತ್ರಾ ನಸುಕಿನಲ್ಲೇ ಎದ್ದು ಹೋಳಿಗೆ ಮಾಡಿ ಹಾಟ್‌ಬಾಕ್ಸಿಗೆ ಹಾಕಿಟ್ಟಿದ್ದಳು. ಮಾವ, ಗಂಡ, ಹಬ್ಬಕ್ಕೆಂದು ಬಂದಿದ್ದ ಮಾವನ ಅಕ್ಕ ಸಂಗವ್ವ, ತಾನು... ನಾಲ್ವರೂ ಒಟ್ಟಿಗೆ ಕೂತು ಉಣ್ಣಬೇಕೆಂಬುದು ಅವಳ ಆಸೆ.

ಚನ್ನವೀರಪ್ಪನವರು ಹೋಳಿಗೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಉಗುರುಬೆಚ್ಚಗಿತ್ತು. ಮಾಸ್ತರಿಗೆ ಸಿಟ್ಟು ನೆತ್ತಿಗೇರಿತು.

"ಇದು ಹಬ್ಬದ ಊಟ ಏನು? ಹೋಳಿಗಿ ಹಂಚಿನ ಮ್ಯಾಲಿಂದ ಸೀದಾ ಎಲಿಗೆ ಬೀಳಬೇಕು! ನಿನ್ನ ತವರಮನ್ಯಾಗ ಇದನ್ನ ಕಲಿಸ್ಯಾರೇನು?"

ಪವಿತ್ರಾಳ ಮುಖ ಸಣ್ಣಗಾಯಿತು. "ಬಿಸೀದು ಮಾಡ್ಕೋತ ನಿಂತ್ರ ನಾನು, ಸಂಗವ್ವ ಅತ್ತಿಯವರು ಕೂಡೂದು ಯಾವಾಗ್ರಿ ಮಾವಾರ?"

"ಹೆಂಗಸರು ಆಮ್ಯಾಲೆ ಕೂಡೂದು. ಅದು ಪದ್ಧತಿ!"

ಗಂಡ ಅನ್ನಿಸಿಕೊಂಡ ಮಗ ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತ. ಇಂಥವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ ಬಿಡಿ...

ಮಾಸ್ತರು ಪ್ರತಿ ಯುಗಾದಿಗೂ 'ನಮ್ಮ ಕಾಲದ ಹಬ್ಬ' ಎಂದು ಉದ್ದನೆಯ ಮೆಸೇಜ್ ಬರೆದು ಎಲ್ಲ ಗ್ರೂಪಿಗೂ ಕಳಿಸುವವರು. ಪಡಸಾಲೆಯ ತುಂಬ ಪಂಕ್ತಿ, ಬಾಳೆ ಎಲೆ, ಹೋಳಿಗೆಯ ಮೇಲೆ ಹರಿಯುವ ತುಪ್ಪ, ಕಟ್ಟಿನ ಸಾರಿನ ಘಮ... ಓದಿದವರೆಲ್ಲ ಕೈ ಮುಗಿದ ಚಿತ್ರ ಹಾಕುತ್ತಿದ್ದರು.

ಆ ಹಬ್ಬ ಈಗ ಅವರಿಗೆ ಬೇಕೇ ಬೇಕಿತ್ತು.

"ಹೆಂಗಸರಿಬ್ಬರೂ ಏಳ್ರಿ. ಒಲಿ ಹಚ್ಚಿ ಹೊಸಾದು ಮಾಡ್ರಿ. ಇಲ್ಲಾಂದ್ರ ನಾ ಉಣ್ಣೂದಿಲ್ಲ!"

ಪವಿತ್ರಾ ಕಣ್ಣೊರೆಸಿಕೊಳ್ಳುತ್ತ ಎದ್ದಳು. ಸಂಗವ್ವ ಏಳಲಿಲ್ಲ.

ಮಾಸ್ತರು ಸಾಕ್ಷಿಗೆ ಅಕ್ಕನನ್ನೇ ಕರೆದರು. "ಅಕ್ಕಾ, ಹೇಳು ಈ ಹುಡುಗಿಗೆ. ಆಗ ಎಂಥಾ ಶಿಸ್ತಿತ್ತು! ಗಂಡಸರ ಪಂಕ್ತಿ ಏಳೂಕಿಂತ ಮೊದ್ಲ ನೀ ಒಂದು ಹೋಳಿಗಿ ಬಾಯಿಗೆ ಹಾಕ್ಕೊಂಡಿ ಅಂತ ಅಜ್ಜಿ ಸೌಟಿಲೆ ಹೊಡದಿದ್ಲಲ್ಲ!"

ಹೇಳಿ ತಾವೇ ಜೋರಾಗಿ ನಕ್ಕರು.

ಸಂಗವ್ವ ನಗಲಿಲ್ಲ. ಎಪ್ಪತ್ನಾಲ್ಕರ ಆ ಮುಖ ಬಿಗಿದುಕೊಂಡಿತು.

"ಹೌದು, ಹೊಡದ್ಲು. ಬಾಯಾಗಿಂದೂ ಉಗುಳಿಸಿದ್ಲು. ನನಗ ಒಂಬತ್ತು ವರ್ಷ. ಮುಂಜಾನಿಯಿಂದ ಒಲಿ ಮುಂದಿದ್ದೆ, ಹೊಟ್ಟ್ಯಾಗ ಏನೂ ಇರಲಿಲ್ಲ... ಅಜ್ಜಿಗೆ ಹೋಗಿ ಹೇಳಿದವ ಯಾರು, ನೆನಪೈತೇನು?"

ಮಾಸ್ತರ ನಗು ನಿಂತಿತು.

ನೆನಪಿತ್ತು. ಐದು ವರ್ಷದ ಚನ್ನವೀರನೇ ಓಡಿಹೋಗಿ ಹೇಳಿದ್ದ. ಅದಕ್ಕೆ ಬಹುಮಾನವಾಗಿ ಅವನಿಗೆ ಇನ್ನೊಂದು ಬಿಸಿ ಹೋಳಿಗೆಯೂ ಸಿಕ್ಕಿತ್ತು.

"ಅದನ್ನೂ ಬರಿ ನಿನ್ನ ವಾಟ್ಸಾಪಿನಾಗ," ಸಂಗವ್ವನ ದನಿ ಏರಿತು. "ತವರಮನ್ಯಾಗ ನಿಮಗ ಹಾಕಿದೆ. ಗಂಡನ ಮನ್ಯಾಗ ಅವರಿಗೆ ಹಾಕಿದೆ. ನಾ ಕೂಡೂದ್ರಾಗ ಎಲ್ಲಾ ಆರಿ ತಣ್ಣಗ... ಸಾವಿರಗಟ್ಟಲೆ ಹೋಳಿಗಿ ಮಾಡೇನಿ. ಬಿಸೀದು ಹ್ಯಾಂಗಿರ್ತೈತಿ ಅಂತ ಇವತ್ತಿಗೂ ಗೊತ್ತಿಲ್ಲ."

ಅವಳು ಪವಿತ್ರಾಳ ಕಡೆ ಕೈ ತೋರಿಸಿದಳು.

"ಈ ಹುಡುಗಿ ಇವತ್ತು ನನ್ನ ಕೈ ಹಿಡಿದು ಎಲ್ಲಾರ ಜೋಡಿ ಕೂಡಿಸ್ಯಾಳ. ನನ್ನ ಜನ್ಮದಾಗ ಮೊದಲನೇ ಸಲ. ನಾ ಏಳೂದಿಲ್ಲ. ಏಳೂದಿದ್ರ ನೀ ಏಳು!"

ಚನ್ನವೀರಪ್ಪನವರು ಎದ್ದರು. ಸಿಟ್ಟಿಗೆ ಮನೆ ಬಿಟ್ಟೇ ಹೊರಟರು ಅಂದುಕೊಂಡ ಮಗ.

ಅವರು ಹೋದದ್ದು ಅಡುಗೆಮನೆಗೆ...

ನಲವತ್ತು ವರ್ಷ ಊರ ಮಕ್ಕಳಿಗೆ ಪಾಠ ಹೇಳಿದವರು ಗ್ಯಾಸ್ ಒಲೆಯ ಮುಂದೆ ಪೆದ್ದನಂತೆ ನಿಂತರು. "ಪವಿತ್ರಾ... ಇದನ್ನ ಹಚ್ಚೂದು ಹ್ಯಾಂಗವಾ?"

ಸಂಜೆಗೆಂದು ತೆಗೆದಿಟ್ಟ ಕಣಕ, ಹೂರಣ ಇತ್ತು. ಅವಳು ತಟ್ಟಿಕೊಟ್ಟಳು, ಇವರು ಬೇಯಿಸಿದರು. ಮಗುಚುವಾಗ ಹೋಳಿಗೆ ಅರ್ಧ ಹರಿಯಿತು, ಬೆರಳೂ ಸುಟ್ಟಿತು.

ಹಬೆಯಾಡುವ ಆ ಹರಕು ಹೋಳಿಗೆಗೆ ತುಪ್ಪ ಸುರಿದು ತಂದು ಅಕ್ಕನ ತಟ್ಟೆಗೆ ಹಾಕಿದರು.

ಸಂಗವ್ವ ಒಂದು ಚೂರು ಮುರಿದು ಬಾಯಿಗಿಟ್ಟಳು. ನಿಧಾನಕ್ಕೆ ಅಗಿದಳು. ಕಣ್ಣಿಂದ ನೀರು ಇಳಿಯತೊಡಗಿತು, ಒರೆಸಿಕೊಳ್ಳಲೂ ಇಲ್ಲ.

"ತಪ್ಪಾತು ಅಕ್ಕಾ..." ಎಂದು ಮಾಸ್ತರು ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟರು.

"ಹೋಳಿಗಿ ಚಲೋ ಐತಿ," ಅಂದಳು ಸಂಗವ್ವ. "ನಿನ್ನ ಮ್ಯಾಲಿನ ಸಿಟ್ಟು ಮಾತ್ರ ಇಳದಿಲ್ಲ. ಅರವತ್ತೈದು ವರ್ಷದ್ದು ಅದು, ಒಂದು ಹೋಳಿಗಿಗೆ ಇಳಿಯೂದಿಲ್ಲ. ಹೋಗು... ಆ ಹುಡುಗಿಗೂ ಒಂದು ಬಿಸೀದು ಮಾಡಿ ಹಾಕು."

ಮಾಸ್ತರು ಮತ್ತೆ ಒಲೆಯ ಕಡೆ ನಡೆದರು.

*ನಮ್ಮ ನೆನಪಿನ ಸಿಹಿಯೂಟವನ್ನು ಆವತ್ತು ಯಾರೋ ಹಸಿದ ಹೊಟ್ಟೆಯಲ್ಲಿ ಬೇಯಿಸಿರುತ್ತಾರೆ.*

ನಿಮ್ಮ ಮನೆಯಲ್ಲಿ ಹಬ್ಬದ ದಿನ ಕೊನೆಗೆ ಊಟಕ್ಕೆ ಕೂರುವವರು ಯಾರು... ಅವರ ತಟ್ಟೆಯಲ್ಲಿ ಏನಿರುತ್ತದೆ ಎಂದು ಒಮ್ಮೆಯಾದರೂ ಇಣುಕಿ ನೋಡಿದ್ದೀರಾ?