ಶಂಕ್ರಪ್ಪನ ಮೂಗು

"ಮೂಗು ಮಾರ್ಕೊಂಡಿಯೇನೋ ಶಂಕ್ರಪ್ಪಾ?"

ರೋಶನಬಿ ಕೂಗಿದ್ದು ಓಣಿಗೆಲ್ಲ ಕೇಳಿಸಿತು. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು. ಗೇಟಿನ ಕಾವಲುಗಾರ ಶಂಕ್ರಪ್ಪ ತಿರುಗಲಿಲ್ಲ. ಕೋಲ್ಡ್ ಸ್ಟೋರೇಜಿನ ಗೋಡೆಗೆ ಮುಖ ಮಾಡಿ ಎಂದಿನಂತೆ ಮೂರು ಸಲ ಉಸಿರೆಳೆದ. ಆಮೇಲೆ ನೆರೆದವರ ಮುಖಗಳನ್ನು ಒಂದೊಂದಾಗಿ ನೋಡಿದ.

"ಏನೂ ಇಲ್ಲರಿ. ಗಾಳಿ ಚೊಲೋ ಐತಿ."

ಕೊಡಗಳು ಮತ್ತೆ ಸೊಂಟವೇರಿದವು. ಶಂಕ್ರಪ್ಪ ಇಲ್ಲವೆಂದರೆ ಇಲ್ಲ.

ಆರು ವರ್ಷದ ಹಿಂದೆ, ಮಾವಿನ ಸುಗ್ಗಿಯಲ್ಲಿ, ತಿಳವಳ್ಳಿ ರಸ್ತೆಯ ಈ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಪೈಪು ಒಡೆದಿತ್ತು. ಮೊದಲು ವಾಸನೆ ಹಿಡಿದು ಕೂಗಿದವನು ಅವನೇ. ಮತ್ತೆ ಮತ್ತೆ ಒಳಗೆ ನುಗ್ಗಿ ಹನ್ನೊಂದು ಜನರನ್ನು ಎಳೆದು ತಂದಿದ್ದ. ಹನ್ನೆರಡನೆಯವನು ರೋಶನಬಿಯ ಗಂಡ ಪೀರಸಾಬ, ಉಳಿಯಲಿಲ್ಲ. ಆಮೇಲೆ ಮುಚ್ಚಿದ್ದ ಸ್ಟೋರೇಜಿನ ಬೀಗ ಮತ್ತೆ ತೆಗೆಯುವಾಗ ಓಣಿಯವರು ಹಾಕಿದ್ದು ಒಂದೇ ಷರತ್ತು: ಸೋರಿಕೆ ಹಿಡಿಯುವ ಯಂತ್ರವನ್ನು ನಂಬುವುದಿಲ್ಲ. ಗೇಟಿನಲ್ಲಿ ಶಂಕ್ರಪ್ಪ ಇರಬೇಕು, ಸೈರನ್ ಅವನ ಕೈಯಲ್ಲಿರಬೇಕು.

ಆದರೆ ನಾಲ್ಕು ದಿನದಿಂದ, ಹಿಂದಿನ ಗೋಡೆಗೆ ಅಂಟಿಕೊಂಡ ರೋಶನಬಿಯ ಮನೆಗೆ ಅದೇ ಘಾಟು ಬರುತ್ತಿತ್ತು. ಮೊದಲು ಅಂದವಳು ಎಂಟು ತಿಂಗಳ ಬಸುರಿ ಸೊಸೆ ಸುಮೇರಾ.

ಓಣಿ ನಕ್ಕಿತು. "ಬಸುರಿಗೆ ಇಲ್ಲದ ವಾಸನೀನೂ ಬರ್ತಾವ. ಅತ್ತಿಗೂ ಬಯಕಿ ಶುರು ಆತೇನು?" ಎಂದಳು ಎದುರು ಮನೆಯ ಸರೋಜವ್ವ.

ಸೊಸೆಯನ್ನು ಸವಣೂರಿನ ತವರಿಗೆ ಕಳಿಸೋಣವೆಂದರೆ ಮಗ ಇಜಾಜ ಒಪ್ಪಲಿಲ್ಲ. "ಶಂಕ್ರಣ್ಣ ಹೇಳ್ಲಿ ಅಮ್ಮಾ, ಆವಾಗ ಕಳಸ್ತೇನಿ" ಎಂದು ಗ್ಯಾರೇಜಿಗೆ ಹೋದ.

ಮಾಲೀಕರು ಶಂಕ್ರಪ್ಪನ ಬಾಯಿ ಕಟ್ಟಿದ್ದಾರೆ. ರೋಶನಬಿಗೆ ಅನುಮಾನವೇ ಇರಲಿಲ್ಲ. ಯಾರ್ಯಾರು ಹೆದರಿದ್ದಾರೆಂದು ಮುಖ ನೋಡಿ ಅಳೆಯುತ್ತಾನೆ, ಕಳ್ಳ. ನಾಚಿಕೆಯೂ ಇಲ್ಲ. ಮೊನ್ನೆ ಗಟಾರದಲ್ಲಿ ಹೆಗ್ಗಣ ಸತ್ತು ನಾರುವಾಗ ಓಣಿಯೆಲ್ಲ ಮೂಗು ಮುಚ್ಚಿಕೊಂಡಿತ್ತು. ಇವನು ಅದರ ಪಕ್ಕದ ಕಟ್ಟೆಯ ಮೇಲೇ ಕುಳಿತು ರೊಟ್ಟಿ ತಿಂದ.

ಮಧ್ಯಾಹ್ನ ಸುಮೇರಾ ಕೆಮ್ಮುತ್ತ ಕುಸಿದು ಕುಳಿತಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ರೋಶನಬಿ ಅವಳ ಮುಖಕ್ಕೆ ಒದ್ದೆ ಬಟ್ಟೆ ಸುತ್ತಿ, ನಡೆಸಿಕೊಂಡು ಹೋಗಿ ಸರೋಜವ್ವನ ಪಡಸಾಲೆಯಲ್ಲಿ ಕೂರಿಸಿದಳು. ನಂತರ ಗೇಟಿನ ಕಡೆ ಓಡಿದಳು. ಕೊರಳಪಟ್ಟಿ ಹಿಡಿದಾದರೂ ಇವತ್ತು ಸೈರನ್ ಹಾಕಿಸಬೇಕು.

ಗೇಟಿನ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಶಂಕ್ರಪ್ಪ ಬೆನ್ನು ಮಾಡಿ ಕುಳಿತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಅವನ ಹಿಂದೆ, ಒಂದು ಮೊಳ ದೂರದ ಸ್ಟೋವಿನ ಮೇಲೆ, ಚಹಾದ ಹಾಲು ಇಂಗಿ ತಳ ಹತ್ತಿ ಪಾತ್ರೆ ಕಪ್ಪಗೆ ಸೀಯುತ್ತಿತ್ತು. ಆ ಕಮಟಿಗೆ ಅವಳಿಗೆ ಕೆಮ್ಮು ಬಂತು.

ಕೆಮ್ಮು ಕೇಳಿ ಅವನು ತಿರುಗಿದ. ಅವಳ ಮುಖ ನೋಡಿದ. ಅವಳ ಕಣ್ಣು ನೆಟ್ಟ ಕಡೆ ನೋಡಿದ. ಪಾತ್ರೆ ಕಂಡಿತು. ಸೂಜಿ ಕೈಜಾರಿತು.

ಅವನ ಕೈ ಗೋಡೆಯ ಮೇಲಿನ ಸೈರನ್ ಸ್ವಿಚ್ಚಿಗೆ ಹೋಗಿ ಒತ್ತದೆ ಅಲ್ಲೇ ನಿಂತಿತು.

"ಅವತ್ತ ಒಳಗ ಹೋಗಿ ಬಂದಾಗಿಂದ ನನಗ ಒಂದೂ ಗೊತ್ತಾಗೂದಿಲ್ಲಕ್ಕಾ. ನೀನ ಹೇಳು, ವಾಸನಿ ಐತೇನು?"