ಸಿಯೋಲ್‌ನಲ್ಲಿರುವ ತಮ್ಮ

ಶಶಿರೇಖಾಳ ಮುಖದ ಹೊಳಪಿಗೆ ಕೊರಿಯಾದ ಕ್ರೀಮು ಕಾರಣ. ಅಲ್ಲಿನ ಅಂಗಡಿಯವರು ತುಮಕೂರಿಗೆಲ್ಲ ಕಳಿಸುವುದಿಲ್ಲ. ಅದಕ್ಕೆಂದೇ ಅವಳು, ಹೊರದೇಶದವರ ಪಾರ್ಸೆಲ್ ಇಳಿಸಿಕೊಂಡು ಮುಂದಕ್ಕೆ ಕಳಿಸುವ ಸಿಯೋಲ್‌ನ ಗೋದಾಮೊಂದರಲ್ಲಿ ದುಡ್ಡು ಕಟ್ಟಿ ನಾನೂರ ಹನ್ನೆರಡನೇ ನಂಬರು ಹಿಡಿದಿದ್ದಳು. ಕ್ರೀಮು ಮೊದಲು ಆ ನಂಬರಿಗೆ ಹೋಗಿ, ಅಲ್ಲಿಂದ ಮನೆಗೆ ಬರುತ್ತಿತ್ತು. ಬೀದಿಯವರಿಗೆ ಮಾತ್ರ ಬೇರೆ ಕಥೆ: "ನಮ್ಮ ಚಿಕ್ಕಪ್ಪನ ಮಗ ಅಲ್ಲೇ ಇದಾನೆ. ಅಕ್ಕ ಅಂದ್ರೆ ಪ್ರಾಣ ಅವನಿಗೆ, ಕಳಿಸ್ತಾನೆ."

ಎದುರುಮನೆಗೆ ಕಾತ್ಯಾಯಿನಿ ಬಾಡಿಗೆಗೆ ಬಂದದ್ದೇ ಎಡವಟ್ಟಾಯಿತು. ಅವಳ ಮುಖವೂ ಫಳಫಳ. ಅವಳಿಗೂ ಸಿಯೋಲ್‌ನಲ್ಲಿ ಒಬ್ಬ ಅಣ್ಣ.

ಶಶಿರೇಖಾಳ ಮನೆಯ ಅರಿಶಿನ ಕುಂಕುಮದ ದಿನ ಮೂಲೆಮನೆ ವಿಶಾಲಮ್ಮ ಪಕ್ಕದಲ್ಲಿ ಕೂತಿದ್ದ ಕಾತ್ಯಾಯಿನಿಯನ್ನು ತೋರಿಸಿ ಮಾತು ತೆಗೆದರು.

"ಅಲ್ವೇ ಶಶಿ, ಒಂದೇ ಊರಲ್ಲಿದ್ದು ಇವಳ ಅಣ್ಣಂಗೂ ನಿನ್ನ ತಮ್ಮಂಗೂ ಪರಿಚಯಾನೇ ಇಲ್ವಾ? ಅಡ್ರೆಸ್ ಕೊಡು, ಹೋಗಿ ಮಾತಾಡಿಸ್ಲಿ."

"ಮನೆ ಬದಲಾಯಿಸ್ತಾನೇ ಇರ್ತಾನೆ ವಿಶಾಲಮ್ಮ, ಎಲ್ಲಿ ಬರ್ಕೊಂಡಿದೀನೋ ಏನೋ..."

"ಇದರ ಮೇಲೇ ಇರುತ್ತಲ್ಲೇ!"

ಜಂಬಕ್ಕೆಂದು ಟಿವಿ ಪಕ್ಕ ಇಟ್ಟಿದ್ದ, ಕ್ರೀಮು ಬಂದ ಡಬ್ಬವನ್ನು ವಿಶಾಲಮ್ಮ ಎತ್ತಿ ಕಾತ್ಯಾಯಿನಿಯ ಕೈಗೇ ಕೊಟ್ಟುಬಿಟ್ಟರು. ಶಶಿರೇಖಾ ಕುಂಕುಮದ ಬಟ್ಟಲು ಹಿಡಿದೇ ಕಾತ್ಯಾಯಿನಿಯ ಪಕ್ಕ ಬಂದು ಕೂತಳು. ಈಗ ಆ ಅಣ್ಣ ಹೋಗಿ ಗೋದಾಮಿನ ಬಾಗಿಲು ತಟ್ಟಿದರೆ ಮುಗಿಯಿತು, ನಾಳೆ ಬೀದಿಗೆ ಬೀದಿಯೇ ನಗುತ್ತದೆ.

ಕಾತ್ಯಾಯಿನಿ ಡಬ್ಬದ ಮೇಲಿನ, ಕಳಿಸಿದವರ ವಿಳಾಸದ ಚೀಟಿಯನ್ನು ಎರಡು ಸಲ ಓದಿದಳು. ಶಶಿರೇಖಾಳ ಮುಖ ನೋಡಿದಳು. ಮತ್ತೊಂದು ಸಲ ಓದಿದಳು.

"ಏನೇ, ದೂರಾನಾ?" ಎಂದರು ವಿಶಾಲಮ್ಮ.

"ಇಲ್ಲ ವಿಶಾಲಮ್ಮ, ಒಂದೇ ಬಿಲ್ಡಿಂಗು," ಎಂದು ಕಾತ್ಯಾಯಿನಿ ಡಬ್ಬವನ್ನು ಜೋಪಾನವಾಗಿ ಶಶಿರೇಖಾಳ ಮಡಿಲಿಗಿಟ್ಟಳು. "ಇವರ ತಮ್ಮ ನಾನೂರ ಹನ್ನೆರಡು, ನಮ್ಮಣ್ಣ ನಾನೂರ ಹದಿನೇಳು."