ಜಗಲಿಯ ವೈಫೈ

ಕಂಬದ ಈ ಬದಿಯಲ್ಲಿ ಕುಳಿತ ಆಶ್ರಿತಾ ಹಣೆ ಚಚ್ಚಿಕೊಂಡಳು. ಅದೇ ಗಳಿಗೆಗೆ ಆ ಬದಿಯ ಹುಡುಗನೂ ಹಣೆ ಚಚ್ಚಿಕೊಂಡ. ಇಬ್ಬರೂ ಫೋನಿನಿಂದ ಕಣ್ಣೆತ್ತಲಿಲ್ಲ. ನೈವೇದ್ಯದ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಅರ್ಚಕ ತಿರುಮಲೇಶ್ವರ ಭಟ್ಟರಿಗೆ ಅಷ್ಟೇ ಸಾಕಾಯಿತು. ಮಗಳು ಕೈತಪ್ಪಿದಳು ಎಂದುಕೊಂಡರು.

ತಪ್ಪು ತಮ್ಮದೇ, ಇನ್ಯಾರನ್ನು ಬೈಯುವುದು? ಊರಿಗೆ ಮೊಬೈಲ್ ಸಿಗ್ನಲ್ ಇಲ್ಲ. ಗುಡ್ಡದ ಮೇಲಿನ ವಿಶ್ವವಿದ್ಯಾಲಯದವರು ತಮ್ಮ ವಿದ್ಯಾರ್ಥಿಗಳ ಜೊತೆಗೆ ಸುತ್ತಲಿನ ಊರಿಗೂ ಪುಕ್ಕಟೆ ವೈಫೈ ಕೊಡುತ್ತೇವೆಂದು ಬಂದಾಗ, ಅದರ ಪೆಟ್ಟಿಗೆಯನ್ನು ದೇವಸ್ಥಾನದ ಮಾಡಿಗೇ ಹಾಕಿ ಎಂದು ಮುಂದೆ ಬಿದ್ದು ಹೇಳಿದವರು ಇವರೇ. ನಾಲ್ಕು ಜನ ಹೆಚ್ಚಿಗೆ ಬಂದು ಕೈಮುಗಿದಾರು ಎಂಬ ಆಸೆ. ಬಂದವನು ಈ ನಿರಂಜನ್, ಶಿರಂಗಾಲದ ಕಡೆಯ ಹುಡುಗ, ಅಲ್ಲಿಯ ವಿದ್ಯಾರ್ಥಿ. ಕೈಮುಗಿಯುತ್ತಾನೆ, ತೀರ್ಥ ತೆಗೆದುಕೊಳ್ಳುತ್ತಾನೆ, ನೆಟ್ಟಗೆ ಹೋಗಿ ಆ ಕಂಬಕ್ಕೇ ಒರಗುತ್ತಾನೆ.

ಕೊಡವ ಕುಟುಂಬಗಳ ಹಾಕಿ ಹಬ್ಬದ ದಿನಗಳು ಬೇರೆ. ಊರಿನ ಅರ್ಧ ಜನ ಮೈದಾನದಲ್ಲಿ, ಮಧ್ಯಾಹ್ನದ ಮೇಲೆ ದೇವಸ್ಥಾನ ಖಾಲಿ. ಆ ಹೊತ್ತಿಗೇ ಮಗಳು ಹೂ ಕಟ್ಟುವ ನೆಪ ಮಾಡಿಕೊಂಡು ಜಗಲಿಗೆ ಬರುತ್ತಾಳೆ. ಏನು ನೋಡುತ್ತಿದ್ದೀಯೆ ಎಂದರೆ ಏನಿಲ್ಲಪ್ಪ ಎಂದು ಫೋನು ಮಗುಚುತ್ತಾಳೆ. ಇವಳು ಮುಷ್ಟಿ ಬಿಗಿದರೆ ಅವನೂ ಬಿಗಿಯುತ್ತಾನೆ. ಅವನು ಉಶ್ ಎಂದರೆ ಇವಳಿಂದಲೂ ಒಂದು ನಿಟ್ಟುಸಿರು. ಒಂದೇ ಕಂಬದ ಎರಡು ಬದಿಗೆ ಕೂತು ಫೋನಿನಲ್ಲಿ ಮಾತಾಡಿಕೊಳ್ಳುವುದೆಂದರೆ ಎಂಥ ಚಾಲಾಕಿತನ!

ಭಾನುವಾರ ಪುತ್ತೂರಿನಿಂದ ಆಶ್ರಿತಾಳನ್ನು ನೋಡಲು ಬರುವವರಿದ್ದರು. ಒಳ್ಳೆಯ ಮನೆತನ. ಒಂದು ಪಿಸುಮಾತು ಕಿವಿಗೆ ಬಿದ್ದರೂ ಅರ್ಧ ದಾರಿಯಿಂದ ತಿರುಗಿ ಹೋಗುವ ಜನ. ಭಟ್ಟರಿಗೆ ಊಟ ಸೇರದಾಯಿತು. ಹೆಂಡತಿ ನರ್ಮದಾಳ ಹತ್ತಿರ ಎಲ್ಲ ಹೇಳಿಕೊಂಡರು.

"ಒಂದು ಮಾತೂ ಆಡದೆ ಕೂತವರ ಮೇಲೆ ಎಂಥ ಅನುಮಾನ ನಿಮ್ಮದು?" ಎಂದಳು ಆಕೆ.

"ಮಾತಾಡುದಿಲ್ಲ, ಅದೇ ಅನುಮಾನ," ಎಂದರು ಭಟ್ಟರು.

ವಿಶ್ವವಿದ್ಯಾಲಯಕ್ಕೂ ಹತ್ತಿ ಹೋಗಿ ಬಂದರು. ಯಾರು ಯಾರಿಗೆ ಏನು ಬರೆಯುತ್ತಾರೆಂದು ನಾವು ನೋಡುವಂತಿಲ್ಲ ಸ್ವಾಮಿ ಎಂದು ಅಲ್ಲಿಯವರು ನಯವಾಗಿ ಸಾಗಹಾಕಿದರು. ಸರಿ, ತಮ್ಮ ಕೈಯಲ್ಲಿರುವುದನ್ನು ತಾವು ಮಾಡುವುದೆಂದು ಭಟ್ಟರು ನಿರ್ಧರಿಸಿದರು. ಪೆಟ್ಟಿಗೆಗೆ ಕರೆಂಟು ಹೋಗುತ್ತಿದ್ದುದು ನೈವೇದ್ಯದ ಅಡುಗೆಮನೆಯಿಂದಲೇ.

ಮರುದಿನ ಇಬ್ಬರೂ ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ಕೂತಿದ್ದರು. ಭಟ್ಟರು ದೇವರನ್ನು ನೆನೆದು ಸ್ವಿಚ್ಚು ಆರಿಸಿದರು. ಮಗಳು ಫೋನು ಕೊಡವಿದಳು. ಅವನು ಫೋನನ್ನು ಆಕಾಶಕ್ಕೆ ಹಿಡಿದ. ಸಿಕ್ಕಿಬಿದ್ದರು, ಇನ್ನು ಎದ್ದು ಹೋಗಲೇಬೇಕು ಎಂದು ಭಟ್ಟರಿಗೆ ಎದೆ ಹಗುರಾಯಿತು.

ಹುಡುಗ ಎದ್ದ. ಕಂಬ ಸುತ್ತಿ ಈ ಬದಿಗೆ ಬಂದ.

"ನಿಮ್ದೂ ಹೋಯ್ತಾ?"

"ಹೋಯ್ತು. ಸರಿಯಾಗಿ ಪೆನಾಲ್ಟಿ ಹೊಡೆಯೋ ಹೊತ್ತಿಗೆ."

"ಅಯ್ಯೋ, ನೀವೂ ಹಾಕಿ ನೋಡ್ತಿದ್ರಾ? ನಾನು ಇಷ್ಟು ದಿನ ಸೀರಿಯಲ್ ಅಂದ್ಕೊಂಡಿದ್ದೆ."

"ಅಪ್ಪಂಗೆ ಹೇಳ್ಬೇಡಿ. ಹೂ ಕಟ್ಟೋದು ಬಿಟ್ಟು ಆಟ ನೋಡ್ತಾಳೆ ಅಂತ ಬೈತಾರೆ." ಆಶ್ರಿತಾ ನಕ್ಕಳು. ಹೂವಿನ ಬುಟ್ಟಿ ಸರಿಸಿ ಅವನಿಗೆ ಜಾಗ ಮಾಡಿಕೊಟ್ಟಳು. "ಅಂದಹಾಗೆ, ನಿಮ್ಮ ಹೆಸರೇ ಗೊತ್ತಿಲ್ವಲ್ಲ?"

ಭಟ್ಟರು ಕಿಟಕಿ ಬಿಟ್ಟು ಸ್ವಿಚ್ಚಿನತ್ತ ಓಡಿದರು. ತಡವರಿಸಿ ಅದನ್ನು ಹಾಕಿದರು. ಗಳಿಗೆ ಬಿಟ್ಟು ಜಗಲಿಯ ಮೇಲೆ ಎರಡೂ ಫೋನುಗಳು ಟಿಂಗ್ ಎಂದವು.

ಇಬ್ಬರೂ ಅತ್ತ ನೋಡಲಿಲ್ಲ.